ಮಗುವಿನ ಫೋಟೋ ಕೆಟ್ಟು ಬರುತ್ತಿದೆಯೇ? ಮೊದಲು ಲೆನ್ಸ್ ಒರೆಸಿ, ಆಮೇಲೆ ಹೊಟ್ಟೆ ನೋಡಿ

ಕಾಸರಗೋಡಿನ ಗುಡ್ಡದ ಬದಿಯ ಪೇಟೆಯೊಂದರಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ. ಮೊದಲೆಲ್ಲ ಮಗುವನ್ನು ಎತ್ತಿಕೊಂಡು ಬಸ್ಸಿಳಿದು ಬರುತ್ತಿದ್ದರು. ಈಗ ಮಗು ಮನೆಯಲ್ಲೇ ಇರುತ್ತದೆ, ಫೋನ್ ಮಾತ್ರ ಬರುತ್ತದೆ. "ಇದನ್ನೊಂದು ಸರಿ ಮಾಡ್ಲಿಕ್ಕೆ ಆಗ್ತದಾ? ಮಗು ಒಂದು ಚೂರೂ ಸುಮ್ಮನೆ ಕೂತದ್ದಿಲ್ಲ." ತೆರೆದು ನೋಡಿದರೆ ಹೆಚ್ಚಿನ ಸಲ ತಪ್ಪು ಮಗುವಿನದ್ದಾಗಿರುವುದಿಲ್ಲ. ಲೆನ್ಸಿನ ಮೇಲಿನ ಎಣ್ಣೆಯದ್ದು, ಮಾಡಿನ ಶೀಟಿನದ್ದು, ಇಲ್ಲವೇ ನಾಲ್ಕು ದಿಕ್ಕಿನಿಂದ ಕರೆಯುವ ಅತ್ತೆ ಚಿಕ್ಕಮ್ಮಂದಿರದ್ದು. ಹಾಗಾಗಿ ಕಣ್ಣಿಗೆ ಕಾಣುವ ಲಕ್ಷಣ ಹಿಡಿದುಕೊಂಡು, ಖರ್ಚಿಲ್ಲದ ಪರೀಕ್ಷೆಯಿಂದ ಶುರು ಮಾಡಿ ಬರೆದಿದ್ದೇನೆ. ನಿಮ್ಮ ಫೋಟೋದ ಕಾಯಿಲೆ ಯಾವುದೋ ಆ ಭಾಗ ಓದಿದರೆ ಸಾಕು. ಕಣ್ಣಿನ ಬಗ್ಗೆ ಬರೆದದ್ದನ್ನು ಮಾತ್ರ ಎಲ್ಲರೂ ಓದಿ.

## ಎಲ್ಲಕ್ಕಿಂತ ಮೊದಲು: ತೆಂಗಿನಕಾಯಿ ಪರೀಕ್ಷೆ

ಸುಲಿದ ತೆಂಗಿನಕಾಯಿ ಒಂದನ್ನು ಮಗು ಮಲಗುವ ಜಾಗದಲ್ಲೇ ಇಡಿ, ಮೂರು ಕಣ್ಣು ನಿಮ್ಮ ಕಡೆಗೆ ಇರಲಿ. ಎಷ್ಟು ದೂರದಿಂದ ಮಗುವಿನ ಫೋಟೋ ತೆಗೆಯುತ್ತೀರೋ ಅಷ್ಟೇ ದೂರದಿಂದ ಇದರದ್ದೂ ತೆಗೆಯಿರಿ. ಕಾಯಿ ಅಳುವುದಿಲ್ಲ, ಹೊರಳುವುದಿಲ್ಲ, ಅದಕ್ಕೆ ಹಸಿವೂ ಇಲ್ಲ. ಅದರ ಫೋಟೋವೂ ಕೆಟ್ಟರೆ ದೋಷ ಫೋನಿನಲ್ಲಿ ಅಥವಾ ಬೆಳಕಿನಲ್ಲಿ. ಕಾಯಿಯ ನಾರು ಎಳೆಎಳೆಯಾಗಿ ಬಂದು ಮಗು ಮಾತ್ರ ಕೆಟ್ಟರೆ ದೋಷ ಹೊತ್ತಿನಲ್ಲಿ, ಹೊಟ್ಟೆಯಲ್ಲಿ ಅಥವಾ ಸುತ್ತ ನಿಂತವರಲ್ಲಿ.

ಇದನ್ನು ಮಗು ನಿದ್ದೆಯಲ್ಲಿರುವಾಗಲೇ ಮಾಡಿ ಮುಗಿಸಿ. ಎಚ್ಚರವಿರುವ ಮಗು ಖುಷಿಯಲ್ಲಿರುವುದು ಹತ್ತೋ ಹದಿನೈದೋ ನಿಮಿಷ, ಅದನ್ನು ಫೋನಿನ ಗುಂಡಿ ಒತ್ತಿ ನೋಡುವುದರಲ್ಲಿ ಕಳೆಯಬಾರದು. ಅಜ್ಜಿ ನೋಡಿ ನಕ್ಕರೆ ನಗಲಿ, ಕಾಯಿ ಮಧ್ಯಾಹ್ನದ ಕೊದಿಲಿಗೆ, ಅಂದರೆ ಸಾಂಬಾರಿಗೆ, ಆಗುತ್ತದೆ.

## ಇಡೀ ಫೋಟೋ ಮಂಜಿನೊಳಗಿಂದ ತೆಗೆದ ಹಾಗಿದೆ

ಬಲ್ಬು ಇದ್ದಲ್ಲಿಂದ ಬೆಳಕು ಗೆರೆಗೆರೆಯಾಗಿ ಹರಡಿದೆ, ಬಣ್ಣ ಮಾಸಿದೆ, ಎಲ್ಲವೂ ಮೆತ್ತಗೆ. ನಮ್ಮ ಊರಲ್ಲಿ ಇದಕ್ಕೆ ಮೊದಲ ಕಾರಣ ತೆಂಗಿನೆಣ್ಣೆ. ಮಗುವಿಗೆ ಎಣ್ಣೆ ಹಚ್ಚಿ ಕಾಲು ನೀವುತ್ತಾ ಕೂತಿರುತ್ತೀರಿ, ಅದು ಬೊಚ್ಚುಬಾಯಿ ತೆರೆದು ನಗುತ್ತದೆ, ಅದೇ ಕೈಯಲ್ಲಿ ಫೋನ್ ಎತ್ತುತ್ತೀರಿ. ಬೆರಳು ಹೋಗಿ ಕೂರುವುದು ಸರಿಯಾಗಿ ಲೆನ್ಸಿನ ಮೇಲೆ. ಫೋನನ್ನು ಓರೆ ಮಾಡಿ ಕಿಟಕಿ ಬೆಳಕಿಗೆ ಹಿಡಿದು ನೋಡಿ, ಕಾಮನಬಿಲ್ಲಿನ ಬಣ್ಣದ ಪೊರೆ ಕಂಡರೆ ಅದುವೇ. ಒಗೆದು ಒಗೆದು ಮೆತ್ತಗಾದ ಹಳೇ ಮುಂಡಿನ (ಪಂಚೆಯ) ತುಂಡು ಸಾಕು. ಲೆನ್ಸಿನ ಮೇಲೆ ಬಾಯಿಯ ಹಬೆ ಬಿಟ್ಟು ಒರೆಸಿ. ಸೀರೆಯ ಸೆರಗಿನಿಂದ ಒರೆಸಿದರೆ ಎಣ್ಣೆ ಅಲ್ಲಿಂದ ಇಲ್ಲಿಗೆ ಹರಡುತ್ತದೆಯೇ ಹೊರತು ಹೋಗುವುದಿಲ್ಲ.

ಮಳೆಗಾಲದಲ್ಲಿ ಎಸಿ ಕಾರಿನಿಂದಿಳಿದ ಕೂಡಲೇ ಫೋಟೋ ತೆಗೆದರೂ ಹೀಗೇ ಆಗುತ್ತದೆ. ತಣ್ಣಗಿನ ಗಾಜಿಗೆ ಹೊರಗಿನ ಹಸಿ ಗಾಳಿ ತಾಗಿ ಬೆವರುತ್ತದೆ. ಹತ್ತು ನಿಮಿಷ ಕಾದರೆ ತಾನಾಗಿ ಆರುತ್ತದೆ. ಒರೆಸಿದರೂ ಹೋಗದೆ, ಮಂಜು ಗಾಜಿನ ಒಳಗಡೆಯೇ ಕಂಡರೆ ನೀರು ಹೊಕ್ಕಿದೆ ಎಂದರ್ಥ. ಅಲ್ಲಿಗೆ ನಿಲ್ಲಿಸಿ. ಚಾರ್ಜಿಗೆ ಹಾಕಬೇಡಿ, ಒಲೆಯ ದಂಡೆಯಲ್ಲಿಡಬೇಡಿ, ಅಕ್ಕಿಯಲ್ಲಿ ಹೂತಿಡಬೇಡಿ, ಆಫ್ ಮಾಡಿ ರಿಪೇರಿಯವರಿಗೆ ಕೊಡಿ. ದೊಡ್ಡ ಕ್ಯಾಮೆರಾ ಇರುವವರು ಲೆನ್ಸನ್ನು ಟಾರ್ಚ್ ಹಿಡಿದು ನೋಡಿ. ಒಳಗೆ ಜೇಡರ ಬಲೆಯಂಥ ಎಳೆ ಕಂಡರೆ ಅದು ಬೂಷ್ಟು. ಜಡಿಮಳೆಯ ಆಟಿ ತಿಂಗಳಲ್ಲಿ ಉಪ್ಪಿನಕಾಯಿಗೆ ಬರುವುದು ಲೆನ್ಸಿಗೂ ಬರುತ್ತದೆ. ಗಾಳಿಯಾಡದ ಡಬ್ಬದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡುವುದು ರೂಢಿಯಾಗಲಿ.

## ಗೋಡೆ ಸ್ಪಷ್ಟ, ಮಗು ಮಾತ್ರ ಮಸುಕು

ಮೊದಲು ಫೋಟೋವನ್ನು ದೊಡ್ಡದು ಮಾಡಿ ನೋಡಿ. ಕೈಕಾಲು ಮಾತ್ರ ಗೀಚಿದ ಹಾಗಿದ್ದು ಮುಖ ಸರಿಯಿದ್ದರೆ ಅದು ಚಲನೆ. ಮುಖವೇ ಮೆತ್ತಗಿದ್ದು ಕಿವಿಯ ಹತ್ತಿರದ ಚಾದರದ ನೂಲು ಸ್ಪಷ್ಟವಿದ್ದರೆ ಫೋಕಸ್ ತಪ್ಪಿದೆ. ಎರಡರ ಮದ್ದು ಬೇರೆ ಬೇರೆ.

ಫೋಕಸ್ ತಪ್ಪಿದ್ದರೆ ಫೋನಿನ ಪರದೆಯಲ್ಲಿ ಮಗುವಿನ ಕಣ್ಣಿನ ಮೇಲೆ ಬೆರಳಿಟ್ಟು ಒಂದು ಕ್ಷಣ ಒತ್ತಿ ಹಿಡಿಯಿರಿ. ತೀರಾ ಹತ್ತಿರ ಹೋಗಿದ್ದರೆ ಫೋನಿಗೆ ಫೋಕಸ್ ಸಿಗುವುದಿಲ್ಲ, ಒಂದು ಹೆಜ್ಜೆ ಹಿಂದೆ ಬನ್ನಿ.

ಚಲನೆಯಾದರೆ ಬೆಳಕು ಸಾಲದು ಎಂದರ್ಥ. ಬೆಳಕು ಕಮ್ಮಿಯಾದಷ್ಟೂ ಕ್ಯಾಮೆರಾ ಕಣ್ಣು ತೆರೆದಿಡುವ ಹೊತ್ತು ಜಾಸ್ತಿ, ಅಷ್ಟರೊಳಗೆ ಮಗು ಎರಡು ಸಲ ಕಾಲು ಬಡಿದಿರುತ್ತದೆ. ಹಂಚಿನ ಮನೆಯಲ್ಲಿ ಮಾಡು ಕೆಳಗಿನವರೆಗೆ ಇಳಿದಿರುವುದರಿಂದ ನಡುಮಧ್ಯಾಹ್ನವೂ ಕೋಣೆಯೊಳಗೆ ಮುಸ್ಸಂಜೆ. ನಮ್ಮ ಕಣ್ಣು ಅದಕ್ಕೆ ಒಗ್ಗಿರುತ್ತದೆ, ಕ್ಯಾಮೆರಾಕ್ಕೆ ಆ ಅಭ್ಯಾಸವಿಲ್ಲ. ಚಾಪೆಯನ್ನು ಕಿಟಕಿಯಿಂದ ಒಂದು ಮಾರು ದೂರದೊಳಗೆ ಎಳೆಯಿರಿ. ಇಷ್ಟರಿಂದಲೇ ಎಷ್ಟೋ ಫೋಟೋ ಸರಿಹೋಗುತ್ತದೆ. ಗಾಜಿನ ಹಂಚಿನಡಿ ಮಲಗಿಸಿ ತೆಗೆಯುವುದೂ ಚಂದವೇ, ಆದರೆ ನೇರ ಬಿಸಿಲಿನ ಕೋಲು ಮಗುವಿನ ಮುಖದ ಮೇಲೆ ಬೀಳಬಾರದು. ಬಿಳಿ ಮುಂಡೊಂದನ್ನು ಅಡ್ಡ ಕಟ್ಟಿದರೆ ಬೆಳಕು ಹಾಲಿನ ಹಾಗೆ ಹರಡುತ್ತದೆ.

ಫೋನಿನ ನೈಟ್ ಮೋಡ್ ಆಫ್ ಮಾಡಿ. ಅದು ಸೆಕೆಂಡುಗಟ್ಟಲೆ ಬೆಳಕು ಕೂಡಿಸುತ್ತದೆ. ತೆಂಗಿನಕಾಯಿಗೆ ಸರಿ, ಮಗುವಿಗಲ್ಲ. ಶಟರ್ ವೇಗ, ಅಂದರೆ ಕ್ಯಾಮೆರಾ ಕಣ್ಣು ತೆರೆದಿಡುವ ಹೊತ್ತು, ಬದಲಿಸಲು ಬರುವವರಿಗೆ ನನ್ನ ಲೆಕ್ಕ ಹೀಗೆ: ಮಲಗಿದ ಮಗುವಿಗೆ 1/60 ಸೆಕೆಂಡು, ಕೈಕಾಲು ಬಡಿಯುವ ಮಗುವಿಗೆ 1/250, ಅಂಬೆಗಾಲಿಟ್ಟು ಓಡುವುದಕ್ಕೆ 1/500. ಇದಕ್ಕಾಗಿ ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿಸಿದರೆ ಚಿತ್ರದಲ್ಲಿ ರವೆಯಂತೆ ಕಾಳು ಕಾಣುತ್ತದೆ. ಕಾಣಲಿ. ರವೆ ಇದ್ದೂ ಸ್ಪಷ್ಟವಿರುವ ಫೋಟೋ, ನುಣ್ಣಗಿದ್ದೂ ಮಸುಕಾದದ್ದಕ್ಕಿಂತ ನೂರು ಪಾಲು ವಾಸಿ.

## ಮುಖ ಕಪ್ಪು, ಹಿಂದಿನ ಅಂಗಳ ಬೆಳ್ಳಗೆ

ಚಾವಡಿಯಲ್ಲಿ ಅಂಗಳಕ್ಕೆ ಬೆನ್ನು ಹಾಕಿ ಮಗುವನ್ನು ಎತ್ತಿಕೊಂಡು ನಿಲ್ಲುತ್ತಾರೆ, ಹಿಂದೆ ಒಣ ಹಾಕಿದ ಅಡಿಕೆ ಫಳಫಳ. ಕ್ಯಾಮೆರಾ ಆ ಬೆಳಕು ನೋಡಿ ಎಲ್ಲವನ್ನೂ ಕತ್ತಲು ಮಾಡುತ್ತದೆ. ನೀವು ಅಂಗಳಕ್ಕಿಳಿಯಿರಿ, ಮಗು ಜಗಲಿಯಲ್ಲೇ ನೆರಳಲ್ಲಿ ಹೊರಗೆ ಮುಖ ಮಾಡಿರಲಿ. ಮುಗಿಯಿತು.

## ಮಗು ಹಳದಿ ಕಾಣುತ್ತದೆ, ನೀಲಿ ಕಾಣುತ್ತದೆ

ಮೊದಲು ಮೇಲೆ ನೋಡಿ. ಅಂಗಳಕ್ಕೆ ನೀಲಿ ಟಾರ್ಪಾಲು ಕಟ್ಟಿದ್ದರೆ ಮಗು ನೀಲಿ, ಹಸಿರು ಫೈಬರ್ ಶೀಟು ಹಾಕಿದ್ದರೆ ಹಸಿರು. ಇದನ್ನು ಆಮೇಲೆ ಕಂಪ್ಯೂಟರಿನಲ್ಲಿ ತೊಳೆಯುವುದು ದೊಡ್ಡ ಕಷ್ಟ. ಜಾಗ ಬದಲಿಸುವುದು ಸುಲಭ. ಕಿಟಕಿಯ ಬೆಳಕು ಒಂದು ಕಡೆ, ಹಳದಿ ಬಲ್ಬು ಇನ್ನೊಂದು ಕಡೆ ಇದ್ದರೆ ಮುಖದ ಅರ್ಧ ಒಂದು ಬಣ್ಣ, ಅರ್ಧ ಇನ್ನೊಂದು. ಹಗಲಲ್ಲಿ ಬಲ್ಬು ಆರಿಸಿಬಿಡಿ. ಮಗುವಿನ ಪಕ್ಕ ಒಂದು ಬಿಳಿ ಬಟ್ಟೆಯಿಟ್ಟು ತೆಗೆಯಿರಿ. ಬಟ್ಟೆಯೂ ಹಳದಿ ಬಂದರೆ ದೋಷ ಬೆಳಕಿನದ್ದು.

ಬಟ್ಟೆ ಬೆಳ್ಳಗೆ ಬಂದು ಮಗು ಮಾತ್ರ ಹಳದಿಯಾಗಿದ್ದರೆ ಫೋನ್ ಕೆಳಗಿಡಿ. ಹುಟ್ಟಿದ ಮೊದಲ ವಾರ ಕಾಮಾಲೆ ಅನೇಕ ಮಕ್ಕಳಿಗೆ ಬಂದು ಹೋಗುತ್ತದೆ, ಆದರೆ ಅದು ಬಂದು ಹೋಗುವಂಥದ್ದೇ ಎಂದು ಹೇಳಬೇಕಾದವರು ಡಾಕ್ಟರು. ಹಗಲು ಬೆಳಕಿನಲ್ಲಿ ಹಣೆಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ಬಿಟ್ಟಾಗ ಚರ್ಮ ಹಳದಿ ಕಾಣುತ್ತದೆಯೇ, ಕಣ್ಣಿನ ಬಿಳಿ ಭಾಗ ಮತ್ತು ಒಸಡು ಹಳದಿಯೇ ನೋಡಿ. ಹುಟ್ಟಿದ 24 ಗಂಟೆಯೊಳಗೆ ಹಳದಿ ಬಂದರೆ, ಅಂಗೈ ಅಂಗಾಲಿಗೂ ಇಳಿದರೆ, ಮಗು ಹಾಲು ಕುಡಿಯದೆ ಮಂಕಾಗಿ ಮಲಗಿದರೆ, ಮಲ ಬಿಳಿಚಿಕೊಂಡಿದ್ದರೆ ಆ ದಿನವೇ ಆಸ್ಪತ್ರೆಗೆ ಹೋಗಬೇಕು. ಎರಡು ವಾರ ಕಳೆದರೂ ಹಳದಿ ಇಳಿಯದಿದ್ದರೆ ಅದನ್ನೂ ತೋರಿಸಲೇಬೇಕು. ಬೆಳಗ್ಗಿನ ಎಳೆ ಬಿಸಿಲಿಗೆ ಹಿಡಿದರೆ ಸಾಕು ಎನ್ನುವ ಮಾತನ್ನು ನಂಬಿ ಕೂರಬೇಡಿ. ಟಾರ್ಪಾಲಿನಡಿಯಿಂದ ಈಚೆ ತಂದ ಮೇಲೂ ತುಟಿ, ನಾಲಗೆ ನೀಲಿಯಾಗಿಯೇ ಇದ್ದರೆ ಕಾಯಬೇಡಿ, ಗಾಡಿ ತೆಗೆಯಿರಿ.

## ಫೋನ್ ಎತ್ತಿದ ಕೂಡಲೇ ಅಳು

ಇದಕ್ಕೆ ಕಾರಣಗಳನ್ನು ಹೀಗೆ ಒಂದೊಂದಾಗಿ ತೆಗೆದುಹಾಕುತ್ತಾ ಬನ್ನಿ.

ಹಸಿವು: ಕೈ ಬಾಯಿಗೆ ಒಯ್ಯುವುದು, ಕೆನ್ನೆಗೆ ಏನು ತಾಗಿದರೂ ಅತ್ತ ಬಾಯಿ ತಿರುಗಿಸುವುದು. ನಿದ್ದೆ: ಕಣ್ಣು ಉಜ್ಜುವುದು, ಕಿವಿ ಎಳೆಯುವುದು. ಒದ್ದೆ: ಮುಟ್ಟಿ ನೋಡಿ. ಸಾಕಾಗಿದೆ: ಮುಖ ಅತ್ತ ತಿರುಗಿಸುವುದು. ಈ ಕೊನೆಯದ್ದನ್ನು ನಾವು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಗಲ್ಲ ಹಿಡಿದು ಪುನಃ ಈಚೆಗೆ ತಿರುಗಿಸುತ್ತೇವೆ. ಮಾತು ಬಾರದ ಜೀವಕ್ಕೆ "ಬೇಡ" ಅನ್ನಲು ಇರುವುದು ಆ ಒಂದೇ ದಾರಿ. ಎರಡು ನಿಮಿಷ ಬಿಟ್ಟುಕೊಡಿ, ತಾನಾಗಿ ಈಚೆ ನೋಡುತ್ತದೆ.

ಹೊತ್ತು: ಮೀಯಿಸಿ, ಹಾಲು ಕೊಟ್ಟ ಮೇಲೆ ಬರುವ ನಿದ್ದೆ ಎಳೆಮಗುವಿಗೆ ಗಾಢವಾದದ್ದು. ಮಲಗಿದ ಫೋಟೋ ಬೇಕಾದರೆ ಆಗ. ನಗುವ ಫೋಟೋ ಬೇಕಾದರೆ ಆ ನಿದ್ದೆ ಮುಗಿದು, ಇನ್ನೊಮ್ಮೆ ಹಾಲು ಕುಡಿದ ಮೇಲೆ. ಮುಹೂರ್ತ ನೋಡಿ ಫೋಟೋ ಇಟ್ಟುಕೊಂಡರೆ ಮಗು ಕೇಳುವುದಿಲ್ಲ. ತೊಟ್ಟಿಲು ಹಾಕುವ ದಿನ ಊಟದ ಗಡಿಬಿಡಿಯಲ್ಲಿ ತೆಗೆಯುವ ಬದಲು ಮರುದಿನ ಬೆಳಗ್ಗೆ ಅದೇ ತೊಟ್ಟಿಲಲ್ಲಿ ತೆಗೆಯಿರಿ, ಹೂವು ಹೇಗೂ ಬಾಡಿರುವುದಿಲ್ಲ.

ಹೊಸ ಮುಖ: ಆರೇಳು ತಿಂಗಳ ನಂತರ ಮಕ್ಕಳು ಪರಿಚಯವಿಲ್ಲದವರನ್ನು ಕಂಡರೆ ಹೆದರುತ್ತಾರೆ. ನನ್ನ ಗಡ್ಡಕ್ಕೆ ಅತ್ತ ಮಕ್ಕಳ ಲೆಕ್ಕ ನನ್ನಲ್ಲಿಲ್ಲ. ನಾನು ಬಂದ ಕೂಡಲೇ ಕ್ಯಾಮೆರಾ ತೆಗೆಯುವುದಿಲ್ಲ. ಅಮ್ಮನ ಹತ್ತಿರ ಕೂತು ಮಗುವನ್ನು ನೋಡದವನ ಹಾಗೆ ಚಹಾ ಕುಡಿಯುತ್ತೇನೆ.

ಬಟ್ಟೆ: ಜರಿಯ ಲಂಗದ ಒಳಬದಿಗೆ ನಿಮ್ಮ ಮುಂಗೈ ಉಜ್ಜಿ ನೋಡಿ. ನಿಮಗೇ ಚುಚ್ಚಿದರೆ ಮಗುವಿಗೆ ಕೇಳಬೇಕೇ.

ಇಷ್ಟೆಲ್ಲ ಆದ ಮೇಲೂ ಅಳು ನಿಲ್ಲದಿದ್ದರೆ ಬಟ್ಟೆ ಪೂರ್ತಿ ಬಿಚ್ಚಿ ನೋಡಿ. ಇದನ್ನು ನನಗೆ ಕಲಿಸಿದ್ದು ಒಬ್ಬರು ಅಜ್ಜಿ. ಅಷ್ಟಮಿಯ ಹೊತ್ತಿಗೆ ಐದು ತಿಂಗಳ ಕೂಸನ್ನು ಮುದ್ದುಕೃಷ್ಣ ಮಾಡಿ ಸ್ಟುಡಿಯೋಗೆ ತಂದಿದ್ದರು. ಕಿರೀಟ ಇಟ್ಟರೆ ಅಳು, ತೆಗೆದರೂ ಅಳು. ಹಾಲಾಯಿತು, ಬಟ್ಟೆ ಬದಲಾಯಿತು. ನಾನು ಲೈಟ್ ಆರಿಸಿ "ಇನ್ನೊಂದು ದಿನ ಬನ್ನಿ" ಅಂದೆ. ಅಜ್ಜಿ ಬೆಂಚಿನಲ್ಲಿ ಕೂತು, ಮಳೆಯ ಚಳಿಗೆ ಹಾಕಿದ್ದ ಸಾಕ್ಸನ್ನು ಎಳೆದು ತೆಗೆದರು. ಎಡಗಾಲಿನ ನಡುಬೆರಳು ಊದಿ ಕಡು ನೇರಳೆ ಬಣ್ಣದ ಕುಂಟಾಲ ಹಣ್ಣಿನ ಹಾಗಾಗಿತ್ತು. ಬುಡದಲ್ಲಿ ಒಂದು ಉದ್ದ ಕೂದಲು ಮೂರು ಸುತ್ತು ಬಿಗಿದಿತ್ತು. ಅವರು ಕನ್ನಡಕ ಕೇಳಿ ಹಾಕಿಕೊಂಡು, ಉಗುರಿನಿಂದ ಒಂದೊಂದೇ ಸುತ್ತು ಬಿಡಿಸಿದರು. ಐದು ನಿಮಿಷದಲ್ಲಿ ಬೆರಳಿಗೆ ಬಣ್ಣ ಬಂತು, ಮಗು ಅವರ ಹೆಗಲಲ್ಲೇ ನಿದ್ದೆ ಹೋಯಿತು. ಹೆರಿಗೆಯಾಗಿ ಕೆಲವು ತಿಂಗಳಿಗೆ ತಾಯಂದಿರ ಕೂದಲು ಉದುರುತ್ತದೆ, ಸಾಕ್ಸಿನೊಳಗೆ, ಮಗುವಿನ ಕೈಗವಸಿನೊಳಗೆ ಹೊಕ್ಕ ಒಂದೇ ಎಳೆ ಸಾಕು. ಕೂದಲು ಚರ್ಮದೊಳಗೆ ಹೂತು ಕಾಣದಿದ್ದರೆ, ಅಥವಾ ಬಿಡಿಸಿದ ಮೇಲೂ ಬೆರಳಿನ ಬಣ್ಣ ಮರಳದಿದ್ದರೆ ಬ್ಲೇಡು, ಸೂಜಿ ಹಿಡಿಯಬೇಡಿ. ತಕ್ಷಣ ಆಸ್ಪತ್ರೆ.

ಮೂರು ತಿಂಗಳೊಳಗಿನ ಮಗುವಿಗೆ ಜ್ವರ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಅಥವಾ ಹೆಚ್ಚಿದ್ದರೂ ತಕ್ಷಣ ಆಸ್ಪತ್ರೆ. ಅವತ್ತು ಫೋಟೋದ ಮಾತು ಬೇಡ.

## ಮಗು ಈಚೆ ನೋಡುವುದೇ ಇಲ್ಲ

ಕೋಣೆಯಲ್ಲಿ ಎಷ್ಟು ಮಂದಿ ಇದ್ದೀರಿ ಎಣಿಸಿ. ನಮ್ಮ ಮನೆಗಳಲ್ಲಿ ಒಬ್ಬರು "ಪುಟ್ಟಾ" ಅನ್ನುತ್ತಾರೆ, ಒಬ್ಬರು "ಬಾಲೇ" ಅನ್ನುತ್ತಾರೆ, ಪಕ್ಕದ ಮನೆಯ ಚೇಚಿ "ಮೋಳೇ" ಅನ್ನುತ್ತಾರೆ, ಅಷ್ಟರಲ್ಲಿ ಯಾರೋ ಸ್ಟೀಲ್ ತಟ್ಟೆ ಬಡಿಯುತ್ತಾರೆ. ಮೂರು ಭಾಷೆಯೂ ಮಗುವಿಗೆ ಗೊತ್ತು, ತೊಂದರೆ ದಿಕ್ಕಿನದ್ದು. ಕರೆಯುವವರು ಒಬ್ಬರೇ ಇರಲಿ, ನಿಮ್ಮ ಬೆನ್ನ ಹಿಂದೆ, ನಿಮ್ಮ ಕಿವಿಗೆ ತಾಗಿ ನಿಲ್ಲಲಿ. ಉಳಿದವರಿಗೆ ಅಡುಗೆಮನೆಯಲ್ಲಿ ಕೆಲಸ ಕೊಡಿ.

ಮಗುವಿಗೆ ಬೇಕಾದ್ದು ಮುಖ. ನೀವು ಫೋನನ್ನು ಮುಖಕ್ಕೆ ಅಡ್ಡ ಹಿಡಿದರೆ ಅದಕ್ಕೆ ಕಾಣುವುದು ಒಂದು ಕಪ್ಪು ಹಲಗೆ. ಕೆನ್ನೆಯ ಪಕ್ಕಕ್ಕೆ ಹಿಡಿದು ಮಾತಾಡಿಸಿ. ಹುಟ್ಟಿದ ಹೊಸತರಲ್ಲಿ ಮಗುವಿಗೆ ಸರಿಯಾಗಿ ಕಾಣುವುದು 20ರಿಂದ 30 ಸೆಂಟಿಮೀಟರ್ ದೂರದ್ದು, ಅಂದರೆ ಹಾಲು ಕುಡಿಯುವಾಗ ಅಮ್ಮನ ಮುಖ ಇರುವಷ್ಟು ದೂರ. ಒಂದು ಗಜ ಆಚೆ ನಿಂತು ಗಿಲಕಿ ಆಡಿಸಿ ನೋಡಲಿಲ್ಲ ಎಂದರೆ ಅದರ ತಪ್ಪೇನು. ಮುಖ ನೋಡಿ ನಗುವ ನಗು ಸಾಮಾನ್ಯವಾಗಿ ಆರೆಂಟು ವಾರಕ್ಕೆ ಬರುತ್ತದೆ. ಅದಕ್ಕೆ ಮೊದಲು ನಿದ್ದೆಯಲ್ಲಿ ನಗುವುದನ್ನು ಕಾದು ಹಿಡಿಯಬೇಕು, ಕೇಳಿ ಪಡೆಯಲಾಗದು.

ಮೂರು ತಿಂಗಳಾದರೂ ಹತ್ತಿರದ ಮುಖವನ್ನು ಕಣ್ಣು ಹಿಂಬಾಲಿಸದಿದ್ದರೆ, ನಗದಿದ್ದರೆ, ಆರು ತಿಂಗಳಾದರೂ ಸದ್ದಿಗೆ ತಿರುಗದಿದ್ದರೆ ಮುಂದಿನ ಚುಚ್ಚುಮದ್ದಿನವರೆಗೆ ಕಾಯದೆ ಮಕ್ಕಳ ಡಾಕ್ಟರಿಗೆ ಹೇಳಿ. ಹೊಸ ಮಗುವಿನ ಕಣ್ಣು ಆಗೀಗ ಓರೆಯಾಗುವುದು ಸಹಜ, ನಾಲ್ಕು ತಿಂಗಳ ನಂತರವೂ ಎಲ್ಲ ಫೋಟೋದಲ್ಲೂ ಓರೆಯಿದ್ದರೆ ಅಲ್ಲ.

## ಫ್ಲ್ಯಾಶ್ ಫೋಟೋದಲ್ಲಿ ಕಣ್ಣು ಕೆಂಪು, ಅಥವಾ ಒಂದು ಕಣ್ಣು ಬಿಳಿ

ಎರಡೂ ಕಣ್ಣು ಕೆಂಪಾದರೆ ಹೆದರಬೇಕಿಲ್ಲ. ಫ್ಲ್ಯಾಶ್ ಬೆಳಕು ಕಣ್ಣಿನ ಹಿಂಭಾಗದ ರಕ್ತನಾಳಗಳಿಂದ ಮರಳಿ ಬಂದದ್ದು ಅದು. ಫ್ಲ್ಯಾಶಿನಿಂದ ಕಣ್ಣು ಹೋಗುತ್ತದೆ ಎನ್ನುವುದೂ ಸುಳ್ಳು. ಆದರೆ ಎಳೆಮಗು ಬೆಚ್ಚಿ ಎರಡೂ ಕೈ ಚಾಚಿ ಅಳುತ್ತದೆ, ಚಿತ್ರವೂ ಚಪ್ಪಟೆ. ನಾನು ಮನೆಗಳಲ್ಲಿ ಫ್ಲ್ಯಾಶ್ ಹಾಕುವುದಿಲ್ಲ.

ಒಂದು ಕಣ್ಣು ಕೆಂಪಾಗಿ ಇನ್ನೊಂದು ಬಿಳಿಯಾಗಿ, ಅಥವಾ ಬೆಕ್ಕಿನ ಕಣ್ಣಿನ ಹಾಗೆ ಹೊಂಬಣ್ಣವಾಗಿ ಹೊಳೆದರೆ ಅದನ್ನು ಎಡಿಟ್ ಮಾಡಿ ಕಪ್ಪು ಮಾಡಬೇಡಿ, ಅಳಿಸಲೂ ಬೇಡಿ. ಹಳೆಯ ಫೋಟೋಗಳನ್ನು ತೆರೆದು ಅದೇ ಕಣ್ಣು ಹಾಗೆಯೇ ಇದೆಯೇ ನೋಡಿ. ಮಗು ಓರೆಯಾಗಿ ನೋಡಿದಾಗ ಒಮ್ಮೊಮ್ಮೆ ಸುಮ್ಮನೆಯೂ ಹೀಗೆ ಬರುವುದುಂಟು. ಆದರೆ ಹುಟ್ಟಿನಿಂದ ಬಂದ ಕಣ್ಣಿನ ಪೊರೆಯಾಗಲೀ, ಐದು ವರ್ಷದೊಳಗಿನ ಮಕ್ಕಳಲ್ಲೇ ಹೆಚ್ಚಾಗಿ ಬರುವ ರೆಟಿನೋಬ್ಲಾಸ್ಟೋಮಾ ಎಂಬ ಕಣ್ಣಿನ ಕ್ಯಾನ್ಸರ್ ಆಗಲೀ ಮೊದಲು ಕಾಣಿಸಿಕೊಳ್ಳುವುದು ಎಷ್ಟೋ ಸಲ ಮನೆಯ ಫೋಟೋದಲ್ಲೇ. ಬೇಗ ಗೊತ್ತಾದರೆ ಚಿಕಿತ್ಸೆ ಫಲಿಸುತ್ತದೆ. ಆ ಫೋಟೋವನ್ನು ಫೋನಿನಲ್ಲಿಟ್ಟುಕೊಂಡೇ ಕಣ್ಣಿನ ಡಾಕ್ಟರಲ್ಲಿಗೆ ಹೋಗಿ, ಮಂಗಳೂರಿಗೆ ಹೋಗಬೇಕಾಗಿ ಬಂದರೂ ಈ ವಾರವೇ ಹೋಗಿ. ಮತ್ತೆ ಮತ್ತೆ ಫ್ಲ್ಯಾಶ್ ಹೊಡೆದು ನೀವೇ ತೀರ್ಮಾನ ಮಾಡಲು ಕೂರಬೇಡಿ.

## ಮೂಗು ದೊಡ್ಡದು, ಅಥವಾ ಅಡ್ಡ ಪಟ್ಟೆಗಳು

ಮೂಗು, ಹಣೆ ಉಬ್ಬಿ ಕಾಣುವುದು ತೀರಾ ಹತ್ತಿರದಿಂದ ತೆಗೆದಾಗ. ಒಂದೂವರೆ ಮೀಟರ್ ಹಿಂದೆ ಬಂದು 2x ಜೂಮ್ ಒತ್ತಿ. ಪಟ್ಟೆ ಬರುವುದು ಎಲ್ಇಡಿ ದೀಪದಿಂದ. ನಮ್ಮ ಕರೆಂಟು 50 ಹರ್ಟ್ಸ್, ಕೆಲವು ದೀಪಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ದೀಪ ಆರಿಸಿ, ಆಗದಿದ್ದರೆ ಶಟರನ್ನು 1/100 ಅಥವಾ 1/50ಕ್ಕೆ ಇಡಿ.

## ಇಂಟರ್ನೆಟ್ಟಿನಲ್ಲಿ ಕಂಡ ಹಾಗೆ ಬರುತ್ತಿಲ್ಲ

ಬರಬಾರದು. ಎರಡು ಅಂಗೈ ಮೇಲೆ ಗಲ್ಲವಿಟ್ಟು ಕೂತ ಎಳೆಮಗುವಿನ ಚಿತ್ರ ನೋಡಿರುತ್ತೀರಿ. ಒಮ್ಮೆ ತಲೆ ಹಿಡಿದು, ಇನ್ನೊಮ್ಮೆ ಕೈ ಹಿಡಿದು ತೆಗೆದ ಎರಡು ಫೋಟೋ ಸೇರಿಸಿ ಅದನ್ನು ಮಾಡುತ್ತಾರೆ, ಮಗುವಿನ ಮೇಲಿಂದ ಕೈ ತೆಗೆಯುವುದೇ ಇಲ್ಲ. ಮನೆಯಲ್ಲಿ ಪ್ರಯತ್ನಿಸಬೇಡಿ. ಕಂಚಿನ ಅಗಲ ಪಾತ್ರೆ ಉರುಳಿಯಲ್ಲಿ, ಬುಟ್ಟಿಯಲ್ಲಿ ಮಲಗಿಸುವುದಾದರೆ ಅದು ನೆಲದ ಮೇಲಿರಲಿ, ಮೇಜಿನ ಮೇಲಲ್ಲ, ಒಬ್ಬರ ಕೈ ಪಕ್ಕದಲ್ಲೇ ಇರಲಿ. ಕಂಚು ತಣ್ಣಗಿರುತ್ತದೆ, ಅಡಿಗೆ ದಪ್ಪ ಬಟ್ಟೆ ಹಾಸಿ. ಕವುಚಿ ಮಲಗಿಸಿ ತೆಗೆದರೆ ಫೋಟೋ ಮುಗಿದ ಕೂಡಲೇ ಅಂಗಾತ ಮಾಡಿ. ಕೃಷ್ಣನ ಕಿರೀಟ ಭಾರದ್ದು ಬೇಡ. ನೆತ್ತಿ ಕೂಡಿಕೊಳ್ಳಲು ಒಂದೂವರೆ ವರ್ಷದವರೆಗೂ ಹಿಡಿಯುತ್ತದೆ, ಬಟ್ಟೆಯ ಪಟ್ಟಿಗೆ ನವಿಲುಗರಿ ಸಿಕ್ಕಿಸಿದರೆ ಸಾಕು. ಮಣಿಸರ ಹರಿದರೆ ಮಣಿ ನೇರ ಬಾಯಿಗೆ. ಮೇಲಿನಿಂದ ತೆಗೆಯುವಾಗ ಫೋನಿಗೆ ದಾರ ಕಟ್ಟಿ ಕೊರಳಿಗೆ ಹಾಕಿಕೊಳ್ಳಿ, ಎಣ್ಣೆ ಕೈಯಿಂದ ಜಾರಿದರೆ ಅದು ಬೀಳುವುದು ಮಗುವಿನ ಮುಖದ ಮೇಲೆ.

## ಪಾಸ್‌ಪೋರ್ಟಿಗೆ ಕೊಟ್ಟ ಫೋಟೋ ವಾಪಸು ಬಂತು

ಅಪ್ಪ ಗಲ್ಫಿನಲ್ಲಿರುವ ಮನೆಗಳಲ್ಲಿ ಇದು ದೊಡ್ಡ ತಲೆನೋವು. ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ದೊಡ್ಡವರ ಫೋಟೋ ಅಲ್ಲೇ ತೆಗೆಯುತ್ತಾರೆ, ನಾಲ್ಕು ವರ್ಷದೊಳಗಿನ ಮಕ್ಕಳದ್ದು ಮಾತ್ರ ನಾವೇ ಒಯ್ಯಬೇಕು: 4.5 x 3.5 ಸೆಂಟಿಮೀಟರ್, ಬಿಳಿ ಹಿನ್ನೆಲೆ. ಕಣ್ಣು ತೆರೆದಿರಬೇಕು, ಬಾಯಿ ಮುಚ್ಚಿರಬೇಕು, ಹಿಡಿದವರ ಕೈ ಕಾಣಬಾರದು, ಮುಖದ ಮೇಲೆ ನೆರಳು ಬೀಳಬಾರದು.

ಬಿಳಿ ಮುಂಡನ್ನು ಇಸ್ತ್ರಿ ಹಾಕಿ ಕಿಟಕಿಯ ಹತ್ತಿರ ಹಾಸಿ, ಮುಂಡಿನ ಬಣ್ಣದ ಅಂಚು ಚೌಕಟ್ಟಿನಿಂದ ಹೊರಗಿರಲಿ. ಮಗುವನ್ನು ಅಂಗಾತ ಮಲಗಿಸಿ. ಬಿಳಿ ಅಂಗಿ ಬೇಡ, ಹಿನ್ನೆಲೆಯಲ್ಲಿ ಹೆಗಲು ಕರಗಿ ಹೋಗುತ್ತದೆ. ಕಿಟಕಿಯ ಎದುರು ಬದಿಗೆ ಇನ್ನೊಂದು ಬಿಳಿ ಬಟ್ಟೆ ಹಿಡಿದರೆ ಕೆನ್ನೆಯ ನೆರಳು ತಿಳಿಯಾಗುತ್ತದೆ. ಕೆನ್ನೆಯ ದೃಷ್ಟಿಬೊಟ್ಟು ಒರೆಸಿ, ಫೋಟೋ ಆದ ಮೇಲೆ ಪುನಃ ಇಡಬಹುದು. ಕಣ್ಣೊಳಗೆ ಕಾಡಿಗೆ ಬೇಡವೇ ಬೇಡ, ಕೆಲವು ಕಾಡಿಗೆಯಲ್ಲಿ ಸೀಸ ಇರುತ್ತದೆ. ಇಪ್ಪತ್ತು ತೆಗೆದರೆ ಒಂದರಲ್ಲಾದರೂ ಬಾಯಿ ಮುಚ್ಚಿರುತ್ತದೆ.

ಆಧಾರಿಗೆ ಇಷ್ಟು ಕಷ್ಟವಿಲ್ಲ. ಐದು ವರ್ಷದೊಳಗಿನವರ ಬೆರಳಚ್ಚು, ಕಣ್ಣಿನ ಅಚ್ಚು ತೆಗೆಯುವುದಿಲ್ಲ, ಕೇರಳ ಸರಕಾರದ ಅಕ್ಷಯ ಸೇವಾ ಕೇಂದ್ರದಲ್ಲಿ ಮುಖದ ಫೋಟೋ ಮಾತ್ರ. ಸಾಲು ಉದ್ದವಿದ್ದರೆ ನಿಮ್ಮ ಸರದಿ ಬರುವವರೆಗೆ ಮಗುವನ್ನು ಹೊರಗೆ ಗಾಳಿಗೆ ಹಿಡಿದುಕೊಂಡಿರಿ.

## ಫೋನಿನಲ್ಲಿ ಚೆನ್ನಾಗಿತ್ತು, ಕಳಿಸಿದ ಮೇಲೆ ಕೆಟ್ಟಿತು

ವಾಟ್ಸ್‌ಆ್ಯಪ್ ಫೋಟೋವನ್ನು ಹಿಂಡಿ ಸಣ್ಣದು ಮಾಡಿ ಕಳಿಸುತ್ತದೆ. ಫೋಟೋ ಎಂದು ಕಳಿಸುವ ಬದಲು ಡಾಕ್ಯುಮೆಂಟ್ ಎಂದು ಕಳಿಸಿದರೆ ದುಬೈಯಲ್ಲಿ ಕೂತ ಅಪ್ಪನಿಗೂ ರೆಪ್ಪೆಯ ಕೂದಲು ಎಣಿಸಲು ಸಿಗುತ್ತದೆ. ನನ್ನಲ್ಲಿಗೆ ತರುವುದಾದರೂ ಫೋನನ್ನೇ ತನ್ನಿ ಅಥವಾ ಪೆನ್‌ಡ್ರೈವ್ ತನ್ನಿ. ನಾಲ್ಕು ಗ್ರೂಪು ಸುತ್ತಿ ಬಂದ ಫೋಟೋವನ್ನು ಗೋಡೆಗೆ ತೂಗುವಷ್ಟು ದೊಡ್ಡದು ಮಾಡ್ಲಿಕ್ಕೆ ನನ್ನಿಂದಲೂ ಆಗುವುದಿಲ್ಲ ಮಾರಾಯ್ರೆ.